ರಾಕ್ಷಸನಿಗೆ ಹಾರ ಹಾಕುವ ಊರು

ಆಗ ನನಗೆ ಮೂವತ್ತೆಂಟು ವರ್ಷ. ಆ ಮಾತಿಗೆ ಈಗ ನಲವತ್ತು ವರ್ಷದ ಮೇಲಾಯಿತು. ಹಲ್ಲು ಅರ್ಧ ಹೋಗಿವೆ, ನೆನಪು ಹೋಗಿಲ್ಲ.

ಈಗ ಯಾರು ಬೇಕಾದರೂ ವಿಮಾನ ಹತ್ತುತ್ತಾರೆ, ಇಳಿಯುತ್ತಾರೆ, ಬಂದು ಪ್ರವಾಸ ಬರೆಯುತ್ತಾರೆ. ನಾನು ವಿಮಾನ ಕಂಡದ್ದು ಆಕಾಶದಲ್ಲಿ ಮಾತ್ರ. ಆದರೂ ಒಂದು ಪರದೇಶಕ್ಕೆ ಹೋಗಿ ಬಂದವಳು ನಾನು. ಆ ದೇಶದ ಹೆಸರು ಮೈಸೂರು ಸೀಮೆ. ನಗಬೇಡಿ. ನಾನು ಗದಗಿನ ಕಡೆಯವಳು. ನಾನು ಹುಟ್ಟಿದಾಗ ನಮ್ಮದು ಮುಂಬೈ ಸರಕಾರ, ಅವರದು ಮಹಾರಾಜರ ಸರಕಾರ. ಆಮೇಲೆ ಎರಡೂ ಒಂದೇ ರಾಜ್ಯ ಎಂದರು, ಕರ್ನಾಟಕ ಎಂದು ಹೆಸರೂ ಇಟ್ಟರು. ಹೆಸರು ಇಟ್ಟ ಮಾತ್ರಕ್ಕೆ ಊಟ ಒಂದಾಗುತ್ತದೆಯೇ? ನಾವು ರೊಟ್ಟಿ ಬಡಿಯುವವರು, ಅವರು ಮುದ್ದೆ ನುಂಗುವವರು. ನಾವು ನಾಯಿಗೂ ‘ರೀ’ ಹಚ್ಚುತ್ತೇವೆ, ಅವರು ದೇವರಿಗೂ ‘ಲಾ’ ಎನ್ನುತ್ತಾರೆ. ಇದು ಪರದೇಶವಲ್ಲದೆ ಮತ್ತೇನು?

ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಮುಂದಿನ ಅಕ್ಷರ ಕಲಿತದ್ದು ನಾಟಕ ಕಂಪನಿಯ ಬೋರ್ಡು ನೋಡಿ. ಅದಕ್ಕೇ ಬರೆಯುವಾಗ ದೊಡ್ಡ ಅಕ್ಷರವೇ ಬರುತ್ತದೆ. ಇರಲಿ.

ಮದ್ದೂರು

ಆ ವರ್ಷ ನಮ್ಮ ಕಂಪನಿ ಮುಚ್ಚಿತು. ಮಾಲೀಕರು ಪರದೆಗಳನ್ನು ಸುತ್ತಿ ಅಟ್ಟಕ್ಕೆ ಹಾಕಿ ಹಿಟ್ಟಿನ ಗಿರಣಿ ಇಟ್ಟರು. ಜನ ನಾಟಕ ಬಿಟ್ಟಾರು, ಹಿಟ್ಟು ಬಿಡಲಾರರು ಎಂದರು. ಸರಿಯಾದ ಮಾತೇ. ಅಷ್ಟು ವರ್ಷ ರಾಣಿಯಾಗಿ ಮೆರೆದ ನಾನು ಮನೆಯಲ್ಲಿ ಜೋಳ ಹಸನು ಮಾಡುತ್ತ ಕೂತೆ. ನಮ್ಮಲ್ಲಿ ತಬಲಾ ಬಾರಿಸುತ್ತಿದ್ದವನೊಬ್ಬ ಮಂಡ್ಯದ ಕಡೆ ಹೋಗಿದ್ದ. ಅವನು ಹೇಳಿ ಕಳಿಸಿದ: ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯವರು ಪೌರಾಣಿಕ ನಾಟಕ ಆಡುತ್ತಾರೆ, ಗಂಡಸು ಸೀರೆ ಉಟ್ಟು ರಾಣಿಯಾಗುವುದನ್ನು ನೋಡಿ ಅವರಿಗೆ ಸಾಕಾಗಿದೆ, ನಿಜವಾದ ಹೆಂಗಸು ಬೇಕಂತೆ. ಹೊರಟೆ.

ಬೆಂಗಳೂರು ದಾಟಿದ ಮೇಲೆ ರೈಲು ಮದ್ದೂರಿನಲ್ಲಿ ನಿಂತಿತು. ಬುಟ್ಟಿ ತುಂಬ ವಡೆ ಇಟ್ಟುಕೊಂಡು ಒಬ್ಬ ಕೂಗುತ್ತಿದ್ದ. ನಮ್ಮ ಕಡೆಯ ವಡೆಗೆ ನಡುವೆ ತೂತು ಇರುತ್ತದೆ, ಇದಕ್ಕೆ ಇರಲಿಲ್ಲ. ಅಂಗೈಯಗಲ, ಚಪ್ಪಟೆ, ಮುರಿದರೆ ಚಟ್ ಎನ್ನುವಂಥದ್ದು. ನೋಡಬೇಕೆಂದು ಇಳಿದೆ. ಮುರಿದು ಬಾಯಿಗಿಟ್ಟೆ. ಈರುಳ್ಳಿಯ ಘಮ ಮೂಗಿಗೆ ಏರುವ ಹೊತ್ತಿಗೆ ರೈಲು ಹೊರಟಿತು. ಓಡಿದೆ. ಸೀರೆ ಕಾಲಿಗೆ ತೊಡರಿತು. ನನ್ನ ತಗಡಿನ ಟ್ರಂಕು, ಅದರೊಳಗಿನ ಜರಿ ಸೀರೆ, ಚೌರಿ ಕೂದಲು, ಗೆಜ್ಜೆ ಎಲ್ಲವೂ ನನ್ನನ್ನು ಬಿಟ್ಟು ಮಂಡ್ಯಕ್ಕೆ ಹೋದವು.

ವಡೆಯವನು ಇದ್ದಲ್ಲಿಂದ ಅಲುಗಲಿಲ್ಲ.

"ಓಯ್ತಲ್ಲಮ್ಮೋ ನಿನ್ ರೈಲು!"

"ಅಲ್ರೀ, ಹೋಗ್ತೈತಿ ಅಂತ ಮೊದಲ ಹೇಳಬಾರದ?"

"ನೀನು ತಿಂತಾ ಇದ್ದೆ. ತಿನ್ನೋರ್ನ ಎಬ್ಬುಸ್ಬಾರ್ದು ಕಣಮ್ಮ. ಇನ್ನೊಂದು ತಗೊ, ಬಸ್ಸಿಗೆ ಇನ್ನೂ ವತ್ತು ಅದೆ."

ನಮ್ಮ ಕಡೆಯಾಗಿದ್ದರೆ ನಾಲ್ಕು ಮಂದಿ ಕೂಡಿ, ಅಯ್ಯೋ ಪಾಪ, ಎಲ್ಲಿಂದ ಬಂದಿರಿ, ಯಾರ ಪೈಕಿ ಎಂದು ವಿಚಾರಿಸಿ, ನೀರು ಕೊಟ್ಟು, ಅಳಿಸಿಯೇ ಬಿಡುತ್ತಿದ್ದರು. ಇಲ್ಲಿ ಇನ್ನೊಂದು ವಡೆ ಕೊಟ್ಟರು. ಯೋಚಿಸಿದರೆ ಇದೇ ಮೇಲು. ತಿಂದೆ.

ಮಂಡ್ಯ, ಗುತ್ತಲು

ಮಂಡ್ಯದ ಸ್ಟೇಷನ್ನಿಗೆ ನನ್ನನ್ನು ಕರೆಯಲು ಇಬ್ಬರು ಬಂದಿದ್ದರು. ಒಬ್ಬರು ಡ್ರಾಮಾ ಮೇಷ್ಟ್ರು ಚನ್ನಪ್ಪ. ಊರೂರಿಗೆ ಹೋಗಿ ರೈತರಿಗೆ ನಾಟಕ ಕಲಿಸುವುದು, ಹಾರ್ಮೋನಿಯಂ ಬಾರಿಸುವುದು ಅವರ ಉದ್ಯೋಗ. ಇನ್ನೊಬ್ಬ ಆ ಹಳ್ಳಿಯ ಬೋರೇಗೌಡ, ನಾಟಕದ ರಾಕ್ಷಸ. ಇಬ್ಬರೂ ನನ್ನ ಮುಖ ಕಂಡವರಲ್ಲ. ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಶಾಂತವ್ವ ಎಂದು ಬರೆದಿದ್ದರಿಂದ ಟ್ರಂಕನ್ನು ಇಳಿಸಿಕೊಂಡಿದ್ದರು. ನಾನು ಬಸ್ಸಿಳಿದು, ಟ್ರಂಕು ಒಯ್ದವರು ಎಲ್ಲಿ ಹೋದರೆಂದು ಸ್ಟೇಷನ್ನಿನಲ್ಲಿ ಕೇಳಿಕೊಂಡು, ಪಕ್ಕದ ಗುತ್ತಲಿನ ಡ್ರಾಮಾ ಸೀನರಿ ಅಂಗಡಿಗೆ ಹೋದಾಗ ಮೇಷ್ಟ್ರು ಅಂಗಡಿಯವನಿಗೆ ಹೇಳುತ್ತಿದ್ದರು:

"ಈರೋಯಿನ್ ಬರ್ನಿಲ್ಲ ಕಣಪ್ಪ, ಪೆಟ್ಗೆ ಬಂತು. ಈಗ ಈ ಪೆಟ್ಗೆಗೇ ಸೀರೆ ಉಡುಸ್ಬೇಕು."

"ಪೆಟ್ಟಿಗಿ ಹಾಡು ಹೇಳತೈತೇನ್ರಿ ಮೇಷ್ಟ್ರ?" ಎಂದೆ ಬಾಗಿಲಲ್ಲಿ ನಿಂತು.

ಇಬ್ಬರೂ ತಿರುಗಿದರು. ಬೋರೇಗೌಡ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ರಾಣಿ ಅಂದ್ರೆ ವಸಿ ತೆಳ್ಳುಗಿರ್ತಾಳೆ ಅನ್ಕಂಡಿದ್ದೆ" ಎಂದ.

"ರಾಕ್ಷಸ ಅಂದ್ರ ಎತ್ತರ ಇರ್ತಾನ ಅಂತ ನಾನೂ ತಿಳಕೊಂಡಿದ್ದೆ" ಎಂದೆ.

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆವತ್ತಿನಿಂದ ನಮ್ಮಿಬ್ಬರಿಗೆ ಸರಿಹೋಯಿತು.

ಆ ಅಂಗಡಿ ನೋಡುವಂಥದ್ದು. ಕಿರೀಟ, ಗದೆ, ಭುಜಕೀರ್ತಿ, ಅರಮನೆಯ ಪರದೆ, ಕಾಡಿನ ಪರದೆ ಎಲ್ಲ ಬಾಡಿಗೆಗೆ. ನಮ್ಮ ಕಂಪನಿಯಲ್ಲಿ ವೇಷವೆಂದರೆ ಕಂಪನಿಯ ಸೊತ್ತು, ನಟ ಮುಟ್ಟುವ ಮೊದಲು ಕೇಳಬೇಕು. ಇಲ್ಲಿ ರೈತರು ಎತ್ತಿನ ಹಗ್ಗ ಆರಿಸುವ ಹಾಗೆ ಕಿರೀಟ ಆರಿಸುತ್ತಾರೆ. ಬೋರೇಗೌಡ ಒಂದೊಂದನ್ನೂ ತಲೆಗಿಟ್ಟು, ತಟ್ಟಿ, ಕೊನೆಗೆ ಎಲ್ಲಕ್ಕಿಂತ ದೊಡ್ಡ ಕೊಂಬಿನ ಕಿರೀಟ ತೆಗೆದುಕೊಂಡ. ತಗಡಿನ ಕೊಂಬು, ಒಂದೊಂದೂ ಮೊಳದುದ್ದ.

"ಇಷ್ಟುದ್ದ ಯಾಕ್ಲಾ?" ಎಂದರು ಮೇಷ್ಟ್ರು.

"ಕೊನೇ ಸಾಲ್ನಲ್ಲಿ ಕುಂತೋರ್ಗೂ ಕಾಣ್ಬೇಕು ಮೇಷ್ಟ್ರೇ. ಊರಾಚೆಯಿಂದ ಬರೋರಿರ್ತಾರೆ" ಎಂದ. ಆಚೆಯಿಂದ ಬರುವವರು ಯಾರೆಂದು ನಾನು ಕೇಳಲಿಲ್ಲ.

ಮಳವಳ್ಳಿ ಬಸ್ಸು

ಬಸ್ಸಿನ ಬಾಗಿಲಲ್ಲಿ ಕೊಂಬು ಸಿಕ್ಕಿಕೊಂಡಿತು. ಕಂಡಕ್ಟರು ಕೆಳಗಿಂದ ತಳ್ಳಿದ, ಬೋರೇಗೌಡ ಮೇಲಿಂದ ಎಳೆದ. ಒಳಗೆ ಕೂತಿದ್ದ ಮುದುಕಿಯೊಬ್ಬಳು, "ಅದುಕ್ಕೂ ಟಿಕೀಟು ಕೊಡ್ಲಾ, ನಂಗಿಂತ ದಪ್ಪಗದೆ" ಎಂದಳು. ಬೋರೇಗೌಡ ಕಿರೀಟವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಮಳವಳ್ಳಿಯವರೆಗೂ ಕೂತ.

ದಾರಿಯುದ್ದಕ್ಕೂ ಕಬ್ಬು, ಭತ್ತದ ಗದ್ದೆ, ಕಾಲುವೆ. ಆಲೆಮನೆಯ ಬೆಲ್ಲದ ವಾಸನೆ ಬಸ್ಸಿನೊಳಗೇ ಬಂದು ಕೂರುತ್ತಿತ್ತು. ನಮ್ಮ ಕಡೆ ನೀರನ್ನು ಕೊಡದಲ್ಲಿ ನೋಡುತ್ತೇವೆ. ಇವರು ಎಮ್ಮೆ ಮುಳುಗುವಷ್ಟು ನೀರನ್ನು ರಸ್ತೆ ಪಕ್ಕದಲ್ಲಿ ಹರಿಯಲು ಬಿಟ್ಟು ತಿರುಗಿಯೂ ನೋಡುವುದಿಲ್ಲ. ಹೊಟ್ಟೆ ತುಂಬಿದವರಿಗೆ ನಾಟಕದ ಹುಚ್ಚು ಹತ್ತುವುದು ಸಹಜ ಎಂದುಕೊಂಡೆ.

ಬಸ್ಸಿನಲ್ಲೇ ಒಂದು ವಿಷಯ ತಿಳಿಯಿತು. ನಮ್ಮ ಕಡೆ ಪಾತ್ರ ಮಾಡಿದವನಿಗೆ ಕಂಪನಿ ಸಂಬಳ ಕೊಡುತ್ತದೆ. ಇಲ್ಲಿ ಪಾತ್ರ ಬೇಕೆಂದವನೇ ಕೈಯಿಂದ ಹಾಕುತ್ತಾನೆ! ದುಡ್ಡು ಕೊಟ್ಟು ರಾಕ್ಷಸನಾಗುತ್ತೀರಾ ಎಂದು ಕೇಳಿದೆ. "ಮತ್ತೆ? ಸುಮ್ನೆ ಆಗಕ್ಕಾಯ್ತದಾ?" ಎಂದ ಬೋರೇಗೌಡ, ನನ್ನ ಬುದ್ಧಿಗೆ ಮರುಗಿದವನಂತೆ.

ತಾಯಮ್ಮನ ಮನೆ

ಊರು ಬೆಳಕವಾಡಿ ದಾರಿಯಲ್ಲಿದೆ. ಹೆಸರು ಹೇಳುವುದಿಲ್ಲ, ಹೇಳಿದರೆ ನಮ್ಮನ್ನೇಕೆ ಬರೆದೆ ಎಂದು ಜಗಳಕ್ಕೆ ಬರುತ್ತಾರೆ. ಹೇಳದಿದ್ದರೂ ಯಾಕೆ ಹೇಳಲಿಲ್ಲ ಎಂದು ಬರುತ್ತಾರೆ. ನನ್ನನ್ನು ಇಳಿಸಿದ್ದು ಬೋರೇಗೌಡನ ಮನೆಯಲ್ಲೇ. ಅವನ ಹೆಂಡತಿ ತಾಯಮ್ಮ ನನಗಿಂತ ಚಿಕ್ಕವಳು, ಕಡ್ಡಿಯಂಥ ಮೈ, ಬಾಯಿ ಮಾತ್ರ ಕುಡುಗೋಲು.

ಮೊದಲ ದಿನವೇ ಮುದ್ದೆ ಇಟ್ಟಳು. ಮಗುವಿನ ತಲೆಯಷ್ಟು ದೊಡ್ಡದು, ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಒಂದು ತುತ್ತು ಮುರಿದು ಬಾಯಿಗಿಟ್ಟು ರೊಟ್ಟಿ ಅಗಿದ ಹಾಗೆ ಅಗಿದೆ. ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಅಂಟಿತು. ಬಾಯಿ ತೆರೆಯಲು ಬರಲೊಲ್ಲದು.

"ಅಗೀಬ್ಯಾಡ ಕಣಕ್ಕ, ನುಂಗು!" ತಾಯಮ್ಮ ಕೂಗಿದಳು. "ಸಾರಲ್ಲಿ ಅದ್ದು, ನಾಲ್ಗೆ ಮೇಲ್ ಮಡುಗು, ಬುಟ್ಬುಡು. ಅದೇ ಓಯ್ತದೆ."

ಪಕ್ಕದ ಮನೆಯವರು, ಅವರ ಪಕ್ಕದ ಮನೆಯವರು ಎಲ್ಲ ಬಾಗಿಲಲ್ಲಿ ನಿಂತು ನೋಡಿದರು. ಮೂರನೇ ತುತ್ತು ಗಂಟಲಲ್ಲಿ ಇಳಿದಾಗ ಎಲ್ಲರೂ ಚಪ್ಪಾಳೆಯನ್ನೇ ತಟ್ಟಿದರು. ರಂಗದ ಮೇಲೆ ಆತ್ಮಹತ್ಯೆಯ ಸೀನಿಗೂ ನನಗೆ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ.

"ನಿಮ್ಮ ತವರುಮನಿ ಯಾವೂರು?" ಎಂದು ನಾನು ಊಟದ ಮಧ್ಯೆ ಕೇಳಿದೆ. ಹೆಂಗಸರ ಹತ್ತಿರ ಕೇಳುವ ಮೊದಲ ಮಾತು ನಮ್ಮಲ್ಲಿ ಅದೇ.

"ಒಳಲು. ಮಂಡ್ಯ ತಾವ" ಎಂದಳು. ಹೊಳಲನ್ನು ಅವರು ಹಾಗೆ ಅನ್ನುತ್ತಾರೆ.

"ಹೋಗಿ ಬರ್ತಿರ್ತೀರೇನು?"

"ನಾ ಓದ್ರೆ ಈ ರಾಕ್ಸಸಂಗೆ ಮುದ್ದೆ ತಿರುವೋರು ಯಾರು?" ಎಂದು ನಕ್ಕು ಒಳಗೆ ಹೋದಳು. ನಗು ನೆಟ್ಟಗಿರಲಿಲ್ಲ. ನನಗೇಕೆ ಎಂದು ಬಿಟ್ಟೆ.

ಪ್ರಾಕ್ಟೀಸು

ನಾಟಕದ ಕತೆ ಇಷ್ಟು: ರಾಕ್ಷಸ ರಾಣಿಯನ್ನು ಹೊತ್ತುಕೊಂಡು ಹೋಗುತ್ತಾನೆ, ರಾಣಿ ಶಾಪ ಕೊಡುತ್ತಾಳೆ, ರಾಜ ಬಂದು ಅವನನ್ನು ಕೊಲ್ಲುತ್ತಾನೆ. ಇದನ್ನು ನಮ್ಮ ಕಂಪನಿ ಮೂರು ತಾಸಿನಲ್ಲಿ ಮುಗಿಸುತ್ತಿತ್ತು. ಇವರಿಗೆ ಉಂಡು ಬಂದು ಕೂತರೆ ಸೂರ್ಯ ಹುಟ್ಟುವವರೆಗೂ ಬೇಕು.

ಮಧ್ಯಾಹ್ನದ ಹೊತ್ತು ಊರ ಮುಂದಿನ ಹುಣಸೆಮರದ ಕೆಳಗೆ ಪ್ರಾಕ್ಟೀಸು. ಬೋರೇಗೌಡ ಮೆತ್ತನೆ ಮನುಷ್ಯ. "ಎಲೈ ರಮಣಿ" ಎಂದು ಗರ್ಜಿಸಬೇಕಾದಲ್ಲಿ ಕೆಮ್ಮು ಬಂದವನ ಹಾಗೆ ಅನ್ನುತ್ತಿದ್ದ. ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿ ಬೈದರು.

"ನೆಂಟರ್ ಮನೇಲಿ ನೀರು ಕೇಳ್ದಂಗೆ ಕೇಳ್ತಿದ್ದೀಯಲ್ಲಾ! ಊರೆತ್ತು ನಿನ್ನ ಗದ್ದೆಗೆ ನುಗ್ದಾಗ ಎಂಗೆ ಕೂಗ್ತೀಯ? ಅಂಗೆ ಕೂಗ್ಲಾ."

ಬೋರೇಗೌಡ ಕಣ್ಣು ಮುಚ್ಚಿ, ಎತ್ತನ್ನು ನೆನೆದು ಕೂಗಿದ. ಮರದ ಮೇಲಿನ ಕಾಗೆಗಳೆಲ್ಲ ಎದ್ದವು. ಆಮೇಲೆ ಪ್ರತಿ ಸಲವೂ ನನ್ನ ಕಡೆ ನೋಡುವ ಮೊದಲು ಅವನು ಎತ್ತನ್ನು ನೆನೆಯುತ್ತಿದ್ದ. ನನಗೆ ತಿಳಿಯುತ್ತಿತ್ತು.

ರಾಜನ ಪಾತ್ರ ಊರಿನ ನಂಜುಂಡನದು. ಗಿರಿಜಾ ಮೀಸೆ, ಒಳ್ಳೆ ಕಂಠ. ಒಂದು ದಿನ ಅವನು ತನ್ನ ಹಾಡಿನ ನಡುವೆ ಸುಮ್ಮನೆ ನಿಂತ.

"ಮುಂದ ಹೇಳ್ರಿ" ಎಂದೆ.

"ಇಲ್ಲಿ ನಮ್ ಮಾವ್ನೋರು ಬಂದು ಆರ ಆಕ್ತಾರೆ. ಅದುಕ್ಕೆ ಜಾಗ ಬುಟ್ಟಿವ್ನಿ."

ಆಗ ಗೊತ್ತಾಯಿತು. ಆ ಸೀಮೆಯಲ್ಲಿ ನಾಟಕ ನಡೆಯುತ್ತಿರುವಾಗಲೇ ಪಾತ್ರಧಾರಿಯ ನೆಂಟರು ಸ್ಟೇಜು ಹತ್ತುತ್ತಾರೆ. ಹಾರ ಹಾಕುತ್ತಾರೆ, ಪಂಚೆ ಹೊದಿಸುತ್ತಾರೆ, ಉಂಗುರ ತೊಡಿಸುತ್ತಾರೆ. ಯಾವ ಊರಿನ ಯಾರು ಯಾರಿಗೆ ಎಂದು ಮೈಕಿನಲ್ಲಿ ಕೂಗುತ್ತಾರೆ. ಅಷ್ಟು ಹೊತ್ತು ಯುದ್ಧವಿದ್ದರೂ ನಿಲ್ಲುತ್ತದೆ, ಸಾವಿದ್ದರೂ ನಿಲ್ಲುತ್ತದೆ. ನಮ್ಮ ಕಂಪನಿಯಲ್ಲಿ ನೋಡುವವರು ಸ್ಟೇಜಿನ ಮೇಲೆ ಕಾಲಿಟ್ಟರೆ ಮಾಲೀಕರು ಪರದೆ ಇಳಿಸಿಬಿಡುತ್ತಿದ್ದರು.

ನಾನು ಖಡಾಖಂಡಿತ ಹೇಳಿದೆ: "ನೀವು ನಿಮ್ಮ ಸೀನಿನ್ಯಾಗ ಹಾರ ಹಾಕ್ಕೊರ್ರಿ, ಆನಿ ಬೇಕಾದ್ರ ತರಿಸ್ರಿ. ನಾ ಇರೋ ಸೀನಿನ್ಯಾಗ ಒಂದು ನರಪಿಳ್ಳೆ ಮ್ಯಾಲ ಹತ್ತಬಾರದು. ಹತ್ತಿದ್ರ ಆ ಕ್ಷಣಾನ ಗೆಜ್ಜಿ ಬಿಚ್ತೀನಿ."

ಗುಜುಗುಜು ಆಯಿತು. ನಂಜುಂಡ ಮೀಸೆ ತಿರುವಿದ. ಕೊನೆಗೆ ಮೇಷ್ಟ್ರು, ಅಷ್ಟು ದೂರದಿಂದ ಬಂದ ಹೆಂಗಸು, ಇರಲಿ ಬಿಡಿ ಎಂದರು. ಎಲ್ಲರೂ ಒಪ್ಪಿದರು. ಬೋರೇಗೌಡ ಮಾತ್ರ ಎದ್ದು ಎಮ್ಮೆಗೆ ಹುಲ್ಲು ಹಾಕಲು ಹೋದ.

ಸಂಜೆ ತಾಯಮ್ಮ ನನ್ನ ಮುಂದೆ ತಟ್ಟೆಯನ್ನು ಇಡಲಿಲ್ಲ, ಕುಕ್ಕಿದಳು.

"ಏನಾತು?"

"ಅಕ್ಕ, ನಿನ್ ಸೀನ್ ಬುಟ್ರೆ ನಮ್ ಯಜಮಾನ್ರು ಇನ್ಯಾವ್ ಸೀನಲ್ಲಿ ಬತ್ತಾರೆ, ನೀನೇ ಏಳು."

ಲೆಕ್ಕ ಹಾಕಿದೆ. ಹೌದು. ರಾಕ್ಷಸ ಬರುವುದೇ ರಾಣಿಗಾಗಿ. ನಾನಿಲ್ಲದ ಕಡೆ ಅವನಿಗೆ ಕೆಲಸವೇ ಇಲ್ಲ. ನನ್ನ ಕಟ್ಟಳೆಯಿಂದ ನಾಟಕದಲ್ಲಿ ಹಾರವಿಲ್ಲದೆ ಉಳಿಯುವವನು ಅವನೊಬ್ಬನೇ.

ಆಮೇಲೆ ಅವಳೇ ಎಲ್ಲ ಹೇಳಿದಳು. ತಂದೆತಾಯಿ ಇಲ್ಲ. ತವರು ಎಂದರೆ ಹೊಳಲಿನಲ್ಲಿರುವ ತಮ್ಮ ಮರೀಗೌಡ ಒಬ್ಬನೇ. ಏಳೆಂಟು ವರ್ಷದ ಹಿಂದೆ ಈ ಮನೆಯಲ್ಲೇ ಬಾಡೂಟವಾಗಿತ್ತು. ನಲ್ಲಿ ಮೂಳೆ ಎಂದರೆ ಒಳಗೆ ಕೊಬ್ಬು ತುಂಬಿದ ಕಾಲಿನ ಮೂಳೆ, ಆ ಕಡೆ ಮರ್ಯಾದೆಯ ತುಂಡು. ಬಡಿಸುವವನು ಅದನ್ನು ಮರೀಗೌಡನ ಎಲೆಗೆ ಹಾಕದೆ ಪಕ್ಕದವನ ಎಲೆಗೆ ಹಾಕಿದ. ಮರೀಗೌಡ ಎಲೆ ಬಿಟ್ಟು ಎದ್ದ. ಬೋರೇಗೌಡ, "ಮೂಳೆಗೋಸ್ಕರ ಬಂದಿದ್ಯೇನ್ಲಾ?" ಎಂದ. ಅಷ್ಟೇ. ಅಂದಿನಿಂದ ಅವನು ಈ ಹೊಸಿಲು ತುಳಿದಿಲ್ಲ, ಇವನು ಆ ಹೊಸಿಲು ತುಳಿದಿಲ್ಲ. ನಡುವೆ ತಾಯಮ್ಮನಿಗೆ ತವರು ಹೋಯಿತು.

"ಒಂದು ಮೂಳಿ ಸಲುವಾಗಿ?" ಎಂದೆ.

"ನಲ್ಲಿ ಮೂಳೆ ಕಣಕ್ಕ!" ಎಂದಳು, ನಾನೇ ತಪ್ಪು ಹೇಳಿದವಳಂತೆ. "ಇವ್ರು ಅವನ ಮನೆಗೆ ಓಗಕಿಲ್ಲ, ಅವ್ನು ಇವರ ಮನೆಗೆ ಬರಕಿಲ್ಲ. ಸ್ಟೇಜು ಯಾರ್ ಮನೇನೂ ಅಲ್ವಲ್ಲ. ಅಲ್ಲಿ ಒಂದ್ ಆರ ಬಿತ್ತು ಅಂದ್ರೆ ಅತ್ತೂರ್ನೋರು ನೋಡಿರ್ತಾರೆ, ಆಮೇಲೆ ಯಾರೂ ಇಲ್ಲ ಅನ್ನಂಗಿಲ್ಲ. ಇವ್ರು ಪಾತ್ರ ಇಡಿದಿದ್ದೇ ಅದುಕ್ಕೆ. ಬಾ ಅಂತ ನಾನು ಏಳ್ಕಳ್ಸಿವ್ನಿ. ಬತ್ತಾನೋ ಇಲ್ವೋ."

"ಪರದಿ ಏಳೂ ಮೊದಲ ಹಾಕಿ ಹೋಗ್ಲಿ."

"ಅಂಗೆ ಬಂದು ಆಕೋನಾಗಿದ್ರೆ ಮನೆಗೇ ಬತ್ತಿದ್ದ. ಜನದಾಗೆ ಕುಂತು, ನಾಟ್ಕ ನೋಡಿ, ಮನ್ಸು ವಸಿ ಕರಗ್ಬೇಕು, ಆಗ ಎದ್ದಾನು."

"ಅವಗೊಬ್ಬಗ ಬಿಟ್ರ ರಾಜನ ಮಾವ ಏರ್ತಾನ, ಮಂತ್ರಿ ಷಡ್ಡಕ ಏರ್ತಾನ. ನನ್ನ ಶಾಪ ಯಾರು ಕೇಳ್ತಾರ? ಕಟ್ಟಳಿ ಅಂದ್ರ ಕಟ್ಟಳಿ" ಎಂದೆ.

ತಾಯಮ್ಮ ಸಾರು ಬಡಿಸಿದಳು, ಉಪ್ಪು ಹಾಕಿರಲಿಲ್ಲ.

ಸ್ಟೇಜು

ನಾಟಕದ ದಿನ ಕೊಯ್ದ ಗದ್ದೆಯಲ್ಲಿ ಚಪ್ಪರ ಎದ್ದಿತು. ಸುತ್ತಲಿನ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು, ಚಾಪೆ, ದಿಂಬು, ಕಡಲೆಪುರಿ ಗಂಟು ಹೊತ್ತುಕೊಂಡು ಜನ ಬಂದರು. ನಮ್ಮ ಕಂಪನಿಗೆ ಜನ ನಾಟಕ ನೋಡಲು ಬರುತ್ತಿದ್ದರು. ಇಲ್ಲಿ ಸಂಸಾರ ಹೂಡಲು ಬಂದಂತಿತ್ತು.

ಶುರುವಾದದ್ದೇ ತಡ, ಹಾರಗಳು ಬಂದವು. ನಂಜುಂಡನಿಗೆ ಎಷ್ಟು ಹಾರ ಬಿದ್ದವೆಂದರೆ ಕತ್ತಿ ಎಳೆಯಲು ಹೋದರೆ ಕೈಗೆ ಸೇವಂತಿಗೆ ಸಿಗುತ್ತಿತ್ತು. ಅವನ ಮಾವ ಉಂಗುರ ತೊಡಿಸುವಾಗ ಬೆರಳಿಗೆ ಹೋಗದೆ, ಮಂತ್ರಿ ಓಡಿ ಹೋಗಿ ಸೋಪು ತಂದ. ಜನ ಒಬ್ಬರೂ ಬೇಸರಪಡಲಿಲ್ಲ. ಉಂಗುರ ಹೋದಾಗ ಶಿಳ್ಳೆ ಹಾಕಿದರು.

ನನ್ನ ಸೀನುಗಳಲ್ಲಿ ಯಾರೂ ಹತ್ತಲಿಲ್ಲ. ಮೆಟ್ಟಿಲ ಹತ್ತಿರ ಟವೆಲು ಸುತ್ತಿದ ಇಬ್ಬರು ಹುಡುಗರನ್ನು ಮೇಷ್ಟ್ರು ಕಾವಲಿಗೆ ನಿಲ್ಲಿಸಿದ್ದರು. ನಾನು ಹಾಡಿದೆ, ಅತ್ತೆ, ಒನ್ಸ್ ಮೋರ್ ಬಿತ್ತು, ಮತ್ತೆ ಅತ್ತೆ. ಬೋರೇಗೌಡ ತನ್ನ ಉದ್ದ ಕೊಂಬಿನ ಕಿರೀಟ ಹೊತ್ತು ಎತ್ತನ್ನು ನೆನೆನೆನೆದು ಗರ್ಜಿಸಿದ. ಆದರೆ ಗರ್ಜಿಸಿದ ಮೇಲೆ ಪ್ರತಿ ಸಲವೂ ಅವನ ಕಣ್ಣು ಕೊನೆಯ ಸಾಲಿನ ಕಡೆ ಹೋಗುತ್ತಿತ್ತು. ಹೆಂಗಸರ ನಡುವೆ ಕೂತ ತಾಯಮ್ಮನ ಕಣ್ಣೂ ಹಾಗೆಯೇ.

ಶಾಪದ ಸೀನು ಬರುವ ಹೊತ್ತಿಗೆ ಮೂಡಲಲ್ಲಿ ಬೆಳಕು ಹರಿದಿತ್ತು, ಕಾಗೆ ಕೂಗುತ್ತಿತ್ತು. ನಾನು ಕೈ ಎತ್ತಿ, "ಎಲವೋ ದುರುಳ, ತವರಿಲ್ಲದ ಹೆಣ್ಣೆಂದು ಬಗೆದೆಯಾ" ಎಂದು ಶುರುಮಾಡಿದೆ. ಆಗ ಕೊನೆಯ ಸಾಲಿನಲ್ಲಿ ಒಬ್ಬ ಎದ್ದ. ಕಂಬಳಿ ಹೊದ್ದ ಗಟ್ಟಿ ಆಳು. ಜನರನ್ನು ದಾಟಿಕೊಂಡು ಮುಂದೆ ಬಂದ. ಕಂಬಳಿಯೊಳಗಿಂದ ಒಂದು ಹಾರ ತೆಗೆದ, ರಾತ್ರಿಯಿಡೀ ಅಲ್ಲೇ ಇಟ್ಟುಕೊಂಡಿದ್ದರಿಂದ ಹೂವು ಅರ್ಧ ಬಾಡಿತ್ತು. ಕೇಳಬೇಕಾಗಿರಲಿಲ್ಲ. ಮುಖ ತಾಯಮ್ಮನದೇ, ಮೀಸೆ ಹಚ್ಚಿದಂತಿತ್ತು.

ಟವೆಲಿನ ಹುಡುಗರು ಅಡ್ಡ ನಿಂತರು. "ಇದು ಆಯಮ್ಮನ ಸೀನು. ಯಾರೂ ಅತ್ತಂಗಿಲ್ಲ ಕಣಣ್ಣ."

ಮರೀಗೌಡ ನಿಂತ. ಮುಖ ಕೆಂಪಾಯಿತು.

"ಇಲ್ಲೂ ಬಾಗ್ಲಾಕುದ್ರಾ ನಂಗೆ?" ಎಂದ. ಮೈಕಿಲ್ಲದಿದ್ದರೂ ಎಲ್ಲರಿಗೂ ಕೇಳಿತು. ಹಾರವನ್ನು ಕಂಬಳಿಯೊಳಗೆ ತುರುಕಿ ತಿರುಗಿದ.

ಹಾರ್ಮೋನಿಯಂ ನಿಂತಿತು. ಬೋರೇಗೌಡನ ಗದೆ ಕೆಳಗೆ ಇಳಿಯಿತು. ತಾಯಮ್ಮ ಎದ್ದು ನಿಂತಿದ್ದಳು. ಈಗ ಅವನು ಹೋದರೆ ಮೂಳೆಯ ಮೇಲೆ ಇನ್ನೊಂದು ಅವಮಾನ, ಅದೂ ಹತ್ತೂರಿನ ಎದುರಿಗೆ. ಇನ್ನು ಅವನು ಯಾವ ಜನ್ಮಕ್ಕೂ ಬರುವವನಲ್ಲ.

ನನ್ನ ಕೈ ಇನ್ನೂ ಮೇಲೆಯೇ ಇತ್ತು. ಕಟ್ಟಳೆ ನನ್ನದು. ಮುರಿಯುವುದಾದರೆ ನಾನೇ ಮುರಿಯಬೇಕು. ಆದರೆ ರಾಣಿಯ ಅಂತಸ್ತು ಬಿಟ್ಟು ಮುರಿಯಲಾರೆ. ಶಾಪಕ್ಕೆ ಎತ್ತಿದ ಕೈಯನ್ನೇ ಮೆಟ್ಟಿಲ ಕಡೆ ತಿರುಗಿಸಿದೆ.

"ಯಾರಲ್ಲಿ? ಎಲೈ ದ್ವಾರಪಾಲಕರೇ! ತಡೆಯಬೇಡಿ ಆ ಮಹನೀಯನನ್ನು. ಈ ರಕ್ಕಸನು ಎಂಥ ನೀಚನಾದರೂ ಇವನ ಮಡದಿ ಸಾಧ್ವಿ. ಆಕೆಯ ತವರಿನಿಂದ ತಮ್ಮ ಬಂದಿದ್ದಾನೆ. ಸಕಲ ಮರ್ಯಾದೆಯೊಂದಿಗೆ ಒಳಗೆ ಬಿಡಿ!"

ಕಾವಲು ಹುಡುಗರು ಬೆಪ್ಪಾಗಿ ದಾರಿ ಬಿಟ್ಟರು. ಮೇಷ್ಟ್ರು ಚುರುಕು ಮನುಷ್ಯ, ತಕ್ಷಣ ರಾಜರು ಬರುವಾಗ ಬಾರಿಸುವ ಗತ್ತು ಬಾರಿಸಿದರು. ಇಷ್ಟಾದ ಮೇಲೆ ಹಿಂದೆ ಹೋಗಲು ಯಾವ ಗಂಡಸಿಗಾದರೂ ಆಗುತ್ತದೆಯೇ? ಮರೀಗೌಡ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದ.

ಹತ್ತಿದವನು ಬಾವನ ಮುಂದೆ ನಿಂತ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹಾರ ಎತ್ತಿದ. ಬೋರೇಗೌಡ ಸೆಟೆದುಕೊಂಡೇ ನಿಂತಿದ್ದ. ಹಾರ ಒಂದು ಕೊಂಬಿಗೆ ಸಿಕ್ಕಿತು. ಬಿಡಿಸಿಕೊಂಡು ಮತ್ತೆ ಎತ್ತಿದ. ಇನ್ನೊಂದು ಕೊಂಬಿಗೆ ಸಿಕ್ಕಿತು.

"ತಲೆ ಬಗ್ಸು ಬಾವ" ಎಂದ ಮರೀಗೌಡ. "ಕೊಂಬು ಅಡ್ಡ ಬತ್ತದೆ."

ಅಷ್ಟು ವರ್ಷದ ಮೇಲೆ ಅವರ ನಡುವೆ ಹುಟ್ಟಿದ ಮೊದಲ ಮಾತು ಅದು. ಹೆಂಡತಿಯ ತಮ್ಮನ ಮುಂದೆ ತಲೆ ಬಗ್ಗಿಸುವುದು ಆ ಸೀಮೆಯ ಗಂಡಸಿಗೆ ಸಾಮಾನ್ಯವಲ್ಲ. ಆದರೆ ಕೊಂಬು ಆರಿಸಿದ್ದು ಬೋರೇಗೌಡನೇ. ಬಗ್ಗಿಸಿದ. ಹಾರ ಕೊರಳಿಗೆ ಬಿತ್ತು.

ಬಗ್ಗಿಸಿದ ತಲೆಯನ್ನು ಎತ್ತದೆಯೇ ಅವನು ಬಾಮೈದನ ಕಿವಿಯಲ್ಲಿ ಏನೋ ಹೇಳಿದ. ತಲೆಯ ಮೇಲೆ ಮೈಕು ತೂಗಾಡುತ್ತಿತ್ತೆಂಬುದು ಅವನಿಗೆ ಮರೆತೇ ಹೋಗಿತ್ತು. ಗದ್ದೆಯ ಆಚೆ ತುದಿಯವರೆಗೆ ಕೇಳಿಸಿತು:

"ಉಣ್ಕಂಡೇ ಓಗ್ಬೇಕು ಕಣ್ಲಾ. ಇವತ್ತು ನಲ್ಲಿ ಮೂಳೆ ಎಲ್ಲಾ ನಿಂಗೇಯ."

ಜನ ಬಿದ್ದು ಬಿದ್ದು ನಕ್ಕರು. ಮಲಗಿದ್ದ ಮಕ್ಕಳೆಲ್ಲ ಎದ್ದು ಅತ್ತವು. ರಾಕ್ಷಸ ಅಳುತ್ತಿದ್ದ, ಅಂಟಿಸಿದ ಮೀಸೆ ಒಂದು ಕಡೆ ಜಾರಿ ಗಲ್ಲದ ಮೇಲೆ ನೇತಾಡುತ್ತಿತ್ತು. ನಾನು ಕೈ ಎತ್ತಿ ನಿಂತೇ ಇದ್ದೆ. ಶಾಪ ಬಾಕಿ ಇತ್ತಲ್ಲ!

ಶಾಪ ಕೊಟ್ಟೆ. ನಡೆಯಲಿಲ್ಲ. "ನೀನು ನಿರ್ವಂಶವಾಗು" ಎಂದರೆ ಹೆಂಗಸರೆಲ್ಲ, "ಬುಡಮ್ಮೋ, ಪಾಪ! ಈಗ ತಾನ್ಯಾ ಒಂದಾಗವ್ರೆ" ಎಂದು ಕೂಗಿದರು. ಆಮೇಲೆ ಕೊಲ್ಲಲು ನಂಜುಂಡ ಬಂದ. ಜನ ಅವನ ಮೇಲೆ ಕಡಲೆಪುರಿ ಎಸೆದು, "ಬುಡ್ಲಾ ಅವನ್ನ, ಬಾಮೈದ ಊಟಕ್ಕೆ ಬಂದವ್ನೆ" ಎಂದರು. ನಂಜುಂಡ ಕತ್ತಿ ಹಿಡಿದು ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು, ಕೊಲ್ಲಪ್ಪ, ಬಿಸಿಲೇರಿತು ಎಂದು ಸನ್ನೆ ಮಾಡಿದರು. ಅವನು ಹೂವಿನ ಮೇಲೆ ಹೂವಿಟ್ಟ ಹಾಗೆ ಕತ್ತಿ ಮುಟ್ಟಿಸಿದ. ಬೋರೇಗೌಡ ಹಾರ ನಲುಗದ ಹಾಗೆ ನೋಡಿಕೊಂಡು, ಮೆಲ್ಲಗೆ ಕೂತು, ಮಲಗಿ, ಸತ್ತ. ಇಷ್ಟು ಸುಖವಾಗಿ ಸತ್ತ ರಾಕ್ಷಸನನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಹಿಟ್ಟು

ಅವತ್ತು ಮಧ್ಯಾಹ್ನ ಬಾಡೂಟ. ಬಡಿಸಿದ್ದು ಬೋರೇಗೌಡನೇ. ಮರೀಗೌಡನ ಎಲೆಯಲ್ಲಿ ನಲ್ಲಿ ಮೂಳೆಗಳು ಸೌದೆ ಒಟ್ಟಿದ ಹಾಗೆ ಕೂತವು. ತಿನ್ನಲಾರದೆ ಅವನು ಒಂದನ್ನು ನನ್ನ ಎಲೆಗೆ ಹಾಕಿದ. ಎಲ್ಲರೂ ಊಟ ನಿಲ್ಲಿಸಿ ನನ್ನನ್ನು ನೋಡಿದರು. ಅದರ ಅರ್ಥ ಈಗ ನನಗೂ ಗೊತ್ತಿತ್ತು. ಚೀಪಿದೆ. ಒಳಗಿನ ಕೊಬ್ಬು ಚೆನ್ನಾಗಿತ್ತು, ಏಳೆಂಟು ವರ್ಷ ಜಗಳವಾಡುವಷ್ಟಲ್ಲ.

ತಾಯಮ್ಮ ತನ್ನ ಟ್ರಂಕಿನ ತಳದಿಂದ ಮದುವೆ ಸೀರೆ ತೆಗೆದು ಬಿಸಿಲಿಗೆ ಹಾಕಿದಳು. ಯಾಕೆಂದು ಯಾರೂ ಕೇಳಲಿಲ್ಲ. ನನ್ನ ಹತ್ತಿರ ಬಂದು, "ಅಕ್ಕ, ನಿನ್ ರೈಲು ಯಾವತ್ತು?" ಎಂದಳು.

"ಇನ್ನೆರಡು ದಿನ ಐತಿ."

"ಅಂಗಾದ್ರೆ ಸರಿ" ಎಂದು ಹೋದಳು. ಸರಿ ಎಂದರೇನೆಂದು ಆಗ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಗೊತ್ತಾಯಿತು. ಮೊದಲ ಬಸ್ಸಿಗೆ ತಾಯಮ್ಮ ತಮ್ಮನ ಜೊತೆ ಹೊಳಲಿಗೆ ಹೊರಟಳು, ತಲೆ ತುಂಬ ಹೂವು, ತಿರುಗಿಯೂ ನೋಡಲಿಲ್ಲ. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಪಕ್ಕದಲ್ಲಿ ರಾಗಿ ಹಿಟ್ಟು, ಮುದ್ದೆ ಕೋಲು. ಜಗಲಿಯ ಮೇಲೆ ಬೋರೇಗೌಡ ತಟ್ಟೆ ಇಟ್ಟುಕೊಂಡು ಕೂತಿದ್ದ. ಕಿವಿಯ ಹಿಂದೆ ರಾಕ್ಷಸನ ಬಣ್ಣ ಇನ್ನೂ ಹೋಗಿರಲಿಲ್ಲ.

ನಾನು ಸೆರಗು ಕಟ್ಟಿದೆ. ಹಿಟ್ಟು ಸುರಿದೆ. ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಕೋಲು ಹಾಕಿ, ಬೆವರು ಇಳಿಯುವವರೆಗೆ ತಿರುವಿದೆ. ಕೈ ಸುಟ್ಟುಕೊಂಡು ಕಟ್ಟಿದೆ. ದುಂಡಗಾಗಲಿಲ್ಲ, ಹುಣಸೆಕಾಯಿಯ ಹಾಗೆ ಗಂಟುಗಂಟಾಯಿತು. ಅವನ ತಟ್ಟೆಗೆ ಹಾಕಿದೆ.

ಬೋರೇಗೌಡ ಮುದ್ದೆಯನ್ನು ನೋಡಿದ, ನನ್ನನ್ನು ನೋಡಿದ. ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟ. ದವಡೆ ಅಲ್ಲಾಡತೊಡಗಿತು.

"ಅಗೀಬ್ಯಾಡ್ರಿ" ಎಂದೆ. "ನುಂಗ್ರಿ."